ಪಂಪು ತೊಳೆಯುವ ಗಂಡಂದಿರಿಗೊಂದು ಕೈಪಿಡಿ

ಹೆರಿಗೆ ರಜೆಯ 26 ವಾರ ಕರಗಿತು. ಹೆಂಡತಿ ಆಫೀಸಿಗೆ ಹೊರಟಿದ್ದಾಳೆ. ಬ್ರಾ ಒಳಗೇ ಕೂರುವ, ಕೊಳವೆಯ ರಗಳೆಯಿಲ್ಲದ ಎದೆಹಾಲಿನ ಪಂಪು ಮನೆಗೆ ಬಂದಿದೆ. 'ತೊಳೆಯೋದು ನನಗಿರಲಿ' ಎಂದು ನಾಮಕರಣದ ದಿನ ನೆಂಟರೆಲ್ಲರೆದುರು ಘೋಷಿಸಿದವರು ನೀವೇ. ಗಾಬರಿ ಬೇಡ. ಕ್ರಮವಾಗಿ ಕೆಡಿಸಿದರೆ ಈ ಕೆಲಸ ವಾರದೊಳಗೆ ನಿಮ್ಮ ಕೈಬಿಡುತ್ತದೆ.

ಮೊದಲು, ತಡ ಮಾಡಿ. ಬಳಸಿದ ಕೂಡಲೇ ಬಿಚ್ಚಿ ನಲ್ಲಿಯಡಿ ಜಾಲಿಸಿದರೆ ಹಾಲಿನ ಜಿಡ್ಡು ಸಲೀಸಾಗಿ ಹೋಗಿಬಿಡುತ್ತದೆ. ಮ್ಯಾಚ್ ಮುಗಿಯಲಿ, ಹಾಲು ಒಣಗಿ ಹಿಡಿದುಕೊಳ್ಳಲಿ.

ಬಿಚ್ಚುವಾಗಲೂ ಕಣ್ಣಿಗೆ ದೊಡ್ಡದಾಗಿ ಕಾಣುವ ಬಟ್ಟಲನ್ನಷ್ಟೇ ಬಿಚ್ಚಿ. ಬಾತುಕೋಳಿಯ ಕೊಕ್ಕಿನಂಥ ಪುಟ್ಟ ಸಿಲಿಕಾನ್ ವಾಲ್ವು, ಡಯಾಫ್ರಮ್ ಎಂಬ ತೆಳುಪೊರೆ ಇವೆಯಲ್ಲ, ಇವನ್ನು ಮುಟ್ಟಬೇಡಿ. ಹಾಲು ನಿಂತು ಹುಳಿಯಾಗುವುದು ಆ ಸಂದಿಗಳಲ್ಲೇ.

ಮೋಟಾರನ್ನು ನೀರಿಗೆ ಹಾಕದೆ ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದು ಪೆಟ್ಟಿಗೆಯೊಳಗಿನ ಪುಸ್ತಿಕೆ ಹೇಳುತ್ತದೆ. ಪುಸ್ತಿಕೆಯನ್ನು ಅಟ್ಟಕ್ಕೆ ಎಸೆಯಿರಿ, ಮೋಟಾರನ್ನು ಬಕೆಟ್ಟಿಗೆ. ದುಬಾರಿ ದಾರಿ, ಒಪ್ಪುತ್ತೇನೆ. ಆದರೆ ಒಂದೇ ದಿನದಲ್ಲಿ ಫಲ ಕೊಡುವ ದಾರಿ ಇನ್ನೊಂದಿಲ್ಲ.

ಅಷ್ಟು ಧೈರ್ಯವಿಲ್ಲದವರು ಸಿಂಕನ್ನು ನಂಬಿ. ಬೇರೆ ಬೋಗುಣಿ, ಕೂಸಿನ ಸಾಮಾನಿಗೇ ಮೀಸಲಾದ ಬ್ರಷ್ಷು ಎಂಬ ಮಡಿಯೆಲ್ಲ ನಿಮಗೇಕೆ? ಮುಸುರೆ ಪಾತ್ರೆಗಳ ನಡುವೆಯೇ ಬಿಡಿಭಾಗಗಳನ್ನು ಸೋಪು ನೀರಲ್ಲಿ ಮುಳುಗಿಸಿ, ಅರ್ಧ ದಿನ ಮರೆತುಬಿಡಿ. ಅಮೆರಿಕದಲ್ಲಿ 2016ರಲ್ಲಿ ಹೀಗೇ ಗಂಟೆಗಟ್ಟಲೆ ನೆನೆಹಾಕಿ, ಉಜ್ಜದೆ ಜಾಲಿಸಿಟ್ಟ ಪಂಪೊಂದರ ಕಥೆಯಿದೆ. ದಿನ ತುಂಬದೆ ಹುಟ್ಟಿದ ಕೂಸಿಗೆ ಕ್ರೊನೊಬ್ಯಾಕ್ಟರ್ ಸೋಂಕು ತಗುಲಿ ಮಿದುಳಿನ ಪೊರೆಗೆ ಏರಿತು. ಅದೇ ಸೂಕ್ಷ್ಮಾಣು ಪಂಪಿನಲ್ಲೂ ಸಿಕ್ಕಿತು, ಅಡುಗೆಮನೆ ಸಿಂಕಿನ ತೂತಿನಲ್ಲೂ ಸಿಕ್ಕಿತು. ಯಾರಾದರೂ ಇದನ್ನು ನೆನಪಿಸಿದರೆ 'ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ?' ಎಂದು ಕೇಳಿ. ನಿಮ್ಮ ಕಾಲ ಇದೇ ಎಂಬುದು ಹೊಳೆಯುವಷ್ಟರಲ್ಲಿ ಅಲ್ಲಿಂದ ಎದ್ದಿರಿ.

ಈಗ ಉಜ್ಜಿ. ಸ್ಟೀಲ್ ನಾರೇ ಆಗಬೇಕು. ಪ್ಲಾಸ್ಟಿಕ್ಕಿನ ಮೇಲೆ ಗೀರು ಬಿದ್ದರೆ ಕೊಳೆಗೂ ಕೂರಲು ಜಾಗ. ವಾಲ್ವು ಅಪ್ಪಿತಪ್ಪಿ ಕೈಗೆ ಬಂದರೆ ಅದರ ಸೀಳಿನೊಳಕ್ಕೆ ಬ್ರಷ್ಷಿನ ತುದಿ ತೂರಿಸಿ ತಿರುಗಿಸಿ. ಸ್ವಲ್ಪವೇ ಹರಿದರೂ ಪಂಪಿನ ಎಳೆತ ಕುಗ್ಗುತ್ತದೆ, ಹಾಲು ಕಮ್ಮಿ ಬರುತ್ತದೆ. ಆಗ ವಾಲ್ವಿನ ಸುದ್ದಿ ಎತ್ತಬೇಡಿ. 'ನೀನು ಹೊಟ್ಟೆತುಂಬ ಊಟ ಮಾಡ್ತಿಲ್ಲ' ಎನ್ನಿ. ಅತ್ತೆಗೆ ಫೋನ್ ಮಾಡಿ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿಯ ವಿಚಾರ ತೆಗೆಯಿರಿ. ಹರಿದ ಸಿಲಿಕಾನನ್ನು ಯಾವ ಸೊಪ್ಪೂ ಕೂಡಿಸುವುದಿಲ್ಲ, ಆದರೆ ಇಡೀ ಮನೆ ಬಾಣಂತಿಯ ತಟ್ಟೆಯನ್ನೇ ನೋಡುತ್ತಿರುತ್ತದೆ. ನಿಮ್ಮ ಕೈಯನ್ನಲ್ಲ.

ಎರಡು ತಿಂಗಳು ತುಂಬದ ಅಥವಾ ದಿನ ತುಂಬದೆ ಹುಟ್ಟಿದ ಕೂಸಿದ್ದರೆ ದಿನಕ್ಕೊಮ್ಮೆ 5 ನಿಮಿಷ ಕುದಿಸಬೇಕೆಂಬ ನಿಯಮವಿದೆ. ನಿಮ್ಮ ಕೂಸು ಆ ಗಡಿ ದಾಟಿದ್ದರೂ ಕುದಿಸಿ ಎಂದು ಒತ್ತಾಯ ಬಂದರೆ ಸಂತೋಷದಿಂದ ಒಪ್ಪಿ, ಒಲೆ ಹಚ್ಚಿ, ಆಫೀಸಿನ ಕಾಲ್ ತೆಗೆದುಕೊಳ್ಳಿ. ನೀರು ಇಂಗಿ ಬಟ್ಟಲು ಪಾತ್ರೆಯ ತಳಕ್ಕೆ ಹತ್ತಿದಾಗ ಎಲ್ಲರಿಗಿಂತ ಮೊದಲು ನೀವೇ ಕೂಗಿಕೊಳ್ಳಿ.

ಗಾಳಿಗೆ ಆರಲು ಬಿಡಬೇಡಿ. ಮಸಿಬಟ್ಟೆಯಲ್ಲಿ ಒರೆಸಿ, ಅರೆಒದ್ದೆಯಲ್ಲೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿಯಿರಿ. ಬೂಷ್ಟು ತನ್ನ ಪಾಡಿಗೆ ಬೆಳೆಯುತ್ತದೆ.

ಒಂದು ರಾತ್ರಿ ಅವಳು ಡಬ್ಬಿ ತೆರೆದು, ಮೂಸಿ, 'ಬಿಡು, ನಾನೇ ತೊಳ್ಕೋತೀನಿ' ಎನ್ನುತ್ತಾಳೆ. ಆ ಕ್ಷಣ ಎಚ್ಚರ. 'ಛೆ, ನಾನಿದ್ದೀನಲ್ಲ' ಎಂದು ಒಂದು ಸಲ ಹೇಳಿ. ಎರಡನೇ ಸಲ ಹೇಳಬೇಡಿ, ಒಪ್ಪಿಬಿಟ್ಟಾಳು.