ಒಂದು ಕೊಟ್ಟರೆ ಅರ್ಧ

"ಮಾವ, ಒಂದು ಕೊಟ್ಟಿದೀನಿ, ಅರ್ಧಾನೇ ಬರ್ತಿದೆ" ಎಂದು ಅಕ್ಕನ ಮಗ ಗೊಣಗಿದಾಗ, "ಯಾವ ಅಂಗಡೀಲೋ?" ಎಂದೆ. ಅವನು ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದ. ಅಂಗಡಿಯಲ್ಲ, ಮೀಪ್. ವಿದ್ಯುತ್ಕಾಂತ ಅಲೆಗಳನ್ನು ಕಂಪ್ಯೂಟರಿನೊಳಗೆ ಓಡಿಸಿ ನೋಡಲು ಎಂಐಟಿಯಲ್ಲಿ ಹುಟ್ಟಿದ ಸಾಫ್ಟ್‌ವೇರು, ಪುಕ್ಕಟೆ. ಪುಕ್ಕಟೆ ಮಾಲಿನಲ್ಲಿ ಅರ್ಧವಾದರೂ ಬಂತಲ್ಲ ಎಂದು ಸಮಾಧಾನ ಹೇಳಿದೆ. ಅವನಿಗದು ರುಚಿಸಲಿಲ್ಲ.

ಈ ವಿದ್ಯೆಗೆ ನಾಂದಿ ಹಾಡಿದವನು ಕೇನ್ ಯೀ. 1966ರಲ್ಲಿ ಆತ ಜಾಗವನ್ನೆಲ್ಲ ಚೌಕುಳಿ ಮಾಡಿ, ವಿದ್ಯುತ್ ಕ್ಷೇತ್ರವನ್ನೂ ಕಾಂತಕ್ಷೇತ್ರವನ್ನೂ ಅರ್ಧ ಮನೆ, ಅರ್ಧ ಹೆಜ್ಜೆ ಹಿಂದೆಮುಂದೆ ಕೂರಿಸಿದ. ಸಿಕ್ಕಿತು ನಿನ್ನ ಅರ್ಧ ಎಂದೆ. ಅದು ಬೇರೆ ಅರ್ಧವಂತೆ.

ವಿಷಯ ಇಷ್ಟು. ಮೀಪ್‌ನಲ್ಲಿ ಆಂಪ್ಲಿಟ್ಯೂಡ್ ಎದುರು 1 ಎಂದು ಬರೆದರೆ ಅದು ಕ್ಷೇತ್ರದ ಅಳತೆಯಲ್ಲ, ಅಲೆಯ ಮೂಲದಲ್ಲಿ ಹರಿಸಿದ ಕರೆಂಟಿನ ಅಳತೆ. ಒಂದೇ ಆಯಾಮದ ನಿರ್ವಾತದಲ್ಲಿ ಅದು ಎಬ್ಬಿಸಿದ ಅಲೆ ಎಡಕ್ಕೂ ಬಲಕ್ಕೂ ಹೊರಡುತ್ತದೆ. ಮೀಪ್‌ನ ಮಾನದಲ್ಲಿ ಆ ಕಡೆ 0.5, ಈ ಕಡೆ 0.5. ಜಗಲಿಯಲ್ಲಿ ಕೂತು "ಕಾಫಿ!" ಎಂದು ಕೂಗಿದರೆ ದನಿ ಅಡುಗೆಮನೆಗೂ ಹೋಗುತ್ತದೆ, ಬೀದಿಗೂ ಹೋಗುತ್ತದೆ. ನಮ್ಮಲ್ಲಿ ಮೊದಲು ಓಗೊಡುವುದು ಬೀದಿಯೇ.

ಒಂದು ಬಿಂದುವಿನಿಂದ ಅಲೆ ಹಬ್ಬಿದರೆ ಪಾಡು ಇನ್ನೂ ಕಷ್ಟ. ಸಾಕಷ್ಟು ದೂರ ಹೋದಮೇಲೆ, ಎರಡು ಆಯಾಮದಲ್ಲಾದರೆ ದೂರ ನಾಲ್ಕು ಪಟ್ಟಾದಾಗ ಎತ್ತರ ಅರ್ಧ. ಮೂರು ಆಯಾಮದಲ್ಲಿ ಎರಡು ಪಟ್ಟಾದರೇ ಅರ್ಧ. ಅಳೆಯುವ ಗಳಿಗೆಯೂ ನೋಡಬೇಕು. ಅಲೆ ಸೊನ್ನೆ ದಾಟುವಾಗ ಇಣುಕಿದವನಿಗೆ ಏನೂ ಕಾಣದು, ಒಂದು ಏರಿಳಿತ ಪೂರ್ತಿ ಮುಗಿಯುವ ತನಕ ತಾಳಿ ತುದಿಯನ್ನು ಹಿಡಿಯಬೇಕು. ಚೌಕುಳಿಯ ಅಂಚಿನಲ್ಲಿ ಅಲೆ ನುಂಗುವ ಪದರ ಬೇರೆ ಇರಬೇಕು. ಬೆರೆಂಜೆ ಎಂಬ ಫ್ರೆಂಚ್ ಮಹಾಶಯ 1994ರಲ್ಲಿ ಪ್ರಕಟಿಸಿದ ಈ ಉಪಾಯಕ್ಕೆ ಪಿಎಂಎಲ್ ಎನ್ನುತ್ತಾರೆ. ಇಲ್ಲದಿದ್ದರೆ ಅಲೆ ಅಂಚಿಗೆ ಬಡಿದು ಮರಳಿ, ಎದುರು ಬರುವ ಅಲೆಯೊಡನೆ ಬೆರೆತು, ಒಂದೆಡೆ ಉಬ್ಬಿ ಇನ್ನೊಂದೆಡೆ ಸತ್ತು, ಅಳತೆಯೆಲ್ಲ ಕಲಸುಮೇಲೋಗರ.

ಬಲ್ಲವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಮೊದಲು ಏನೂ ಇಲ್ಲದ ಜಗತ್ತಿನಲ್ಲಿ ಅಲೆ ಓಡಿಸಿ, ಬಂದಷ್ಟನ್ನು ಬರೆದಿಟ್ಟುಕೊಳ್ಳುತ್ತಾರೆ. ಆಮೇಲೆ ಗಾಜೋ ಸಿಲಿಕಾನೋ ಇಟ್ಟು ಮತ್ತೆ ಓಡಿಸಿ, ಇದನ್ನು ಅದರಿಂದ ಭಾಗಿಸಿ ಕೈತೊಳೆದುಕೊಳ್ಳುತ್ತಾರೆ. ವಸ್ತು ರೇಖೀಯವಾಗಿದ್ದರೆ ಮೂಲದಲ್ಲಿ ಒಂದು ಹಾಕಿದರೂ ನೂರು ಹಾಕಿದರೂ ಈ ಅನುಪಾತ ಅದೇ. ನನ್ನಂಥ ಸೋಮಾರಿಗೆ ಹೇಳಿ ಮಾಡಿಸಿದ ಪದ್ಧತಿ. ಅಲೆಯ ತೀವ್ರತೆಗೆ ತಕ್ಕಂತೆ ವಕ್ರೀಭವನಾಂಕವೇ ಬದಲಾಗುವ ಕೆರ್ ಪರಿಣಾಮದಂಥ ಕಡೆ ಮಾತ್ರ ಈ ಉದಾಸೀನ ನಡೆಯದು. ಅಲ್ಲಿ ಕ್ಷೇತ್ರ ನಿಜಕ್ಕೂ ಎಷ್ಟಿದೆ ಎಂಬ ಲೆಕ್ಕ ಚೊಕ್ಕವಾಗಿರಬೇಕು.

"ಅದರ ಗೊಡವೆ ನಮಗ್ಯಾಕೆ, ಭಾಗಿಸಿ ಮಲಕ್ಕೊ" ಎಂದೆ.

"ನನ್ನ ಪ್ರಾಜೆಕ್ಟೇ ಕೆರ್ ಪರಿಣಾಮ, ಮಾವ."