ಹತ್ತೊಂಬತ್ತು ಕ್ವಿಂಟಲ್ ಭಾರ

ಮಗಳು ಪದವಿಗೆ ಸೇರುತ್ತಲೇ ಕಾಲೇಜಿನಿಂದ ಅಪ್ಪಣೆಯಾಯಿತು: ಎಲ್ಲರೂ ಲ್ಯಾಪ್‌ಟಾಪ್ ತರಬೇಕು. ಅದು 2023. ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಪದವಿಯಲ್ಲಿ ಬಿ.ಎ.ದವರಿಗೂ ‘ಡಿಜಿಟಲ್ ಫ್ಲೂಯೆನ್ಸಿ’ ಕಡ್ಡಾಯವಾಗಿದ್ದ ಕಾಲ. ದಾವಣಗೆರೆಯಲ್ಲಿ ಕಂತಿನ ಮೇಲೆ ಒಂದನ್ನು ಕೊಂಡೆ. ಹಾಸ್ಟೆಲಿಗೆ ಹೋಗುವ ಮುಂಚೆ ಅದನ್ನು ಮನೆದೇವರಿಗೂ, ಮುಖ್ಯವಾಗಿ ಊರಿಗೂ ತೋರಿಸಬೇಕಲ್ಲ! ಜಗಳೂರಿನ ಕೆಂಪು ಬಸ್ ಹತ್ತಿದೆವು.

ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಆಗ ಹೊಸತು. ಮಗಳಿಗೆ ಪುಕ್ಕಟೆ ಟಿಕೆಟ್ಟೂ ಸಿಕ್ಕಿತು, ಸೀಟೂ ಸಿಕ್ಕಿತು. ದುಡ್ಡು ಕೊಟ್ಟ ನಾನು ನಿಂತೆ. “ಚೀಲ ಇತ್ಲಾಗೆ ಕೊಡಪಾ, ತೊಡಿ ಮ್ಯಾಲೆ ಇಟ್ಕಂತೀನಿ” ಎಂದಳು ಒಬ್ಬ ಅಜ್ಜಿ. ಕೊಡಲಿಲ್ಲ. ಮಗಳು ಕೈಚಾಚಿದಳು. ಅವಳಿಗೂ ಕೊಡಲಿಲ್ಲ. ಎರಡೂ ಕೈಯಲ್ಲಿ ಚೀಲ ಅವುಚಿಕೊಂಡಿದ್ದರಿಂದ ಕಂಬಿ ಹಿಡಿಯಲು ಕೈಯೇ ಉಳಿದಿರಲಿಲ್ಲ. ಎಡಕ್ಕೆ ವಾಲಿದರೆ ಒಬ್ಬರ ಹೆಗಲು, ಬಲಕ್ಕೆ ವಾಲಿದರೆ ಇನ್ನೊಬ್ಬರ ಬೈಗುಳ. ಡ್ರೈವರ್ ಒಮ್ಮೆ ಬ್ರೇಕ್ ಒತ್ತಿದ. ಅಜ್ಜಿಯ ತೊಡೆಯ ಮೇಲೆ ಕೊನೆಗೂ ಕೂತದ್ದು ಚೀಲವಲ್ಲ, ನಾನು. ಚೀಲ ಮಾತ್ರ ನನ್ನ ತಲೆಯ ಮೇಲೆ, ಎತ್ತಿದ ಕೈಗಳಲ್ಲಿ ಕ್ಷೇಮ.

“ಕೂಸೈತೇನೋ ಅದ್ರಾಗೆ?”

“ಲ್ಯಾಪ್‌ಟಾಪ್, ಅಜ್ಜೀ. ನಲ್ವತ್ತು ಸಾವಿರ.”

“ಮೆಕ್ಕೆಜೋಳ ಎಷ್ಟು ಹಾಕ್ದಂಗಾತು?”

ಆ ವರ್ಷದ ಬೆಂಬಲ ಬೆಲೆ 2,090. ಪಕ್ಕದ ಹುಡುಗ ಮೊಬೈಲಿನಲ್ಲಿ ಲೆಕ್ಕ ಹಾಕಿ ಸಾರಿದ: “ಹತ್ತೊಂಬತ್ತು ಕ್ವಿಂಟಲ್ ಚಿಲ್ಲರೆ!” ಬಸ್ಸಿಗೆ ಬಸ್ಸೇ ಲೊಚಗುಟ್ಟಿತು. ನನಗೋ ಎದೆಯುಬ್ಬಿತು. ಹತ್ತೊಂಬತ್ತು ಕ್ವಿಂಟಲ್ಲನ್ನು ಒಬ್ಬನೇ ಎತ್ತಿ ಹಿಡಿದವರು ಆ ಬಸ್ಸಿನಲ್ಲಿ ಬೇರೆ ಯಾರಿದ್ದರು?

ಆ ಉಬ್ಬು ಇಳಿಸಿದ್ದು ಚನ್ನಗಿರಿಯ ಷಡ್ಡಕರ ಫೋನು. ರಾಶಿ ಅಡಿಕೆ ಕ್ವಿಂಟಲ್ಲಿಗೆ ಐವತ್ತು ಸಾವಿರ ದಾಟಿತ್ತು. “ಒಂದು ಕ್ವಿಂಟಲ್ಲೂ ಆಗ್ಲಿಲ್ವಲ್ಲ ಮಾರಾಯ್ರೆ, ಇನ್ನೂ ಒಳ್ಳೇದು ತಗೋಬಹುದಿತ್ತು!”

ಒಂದೇ ಜಿಲ್ಲೆ, ಒಂದೇ ನಿಯಮ. ಎಷ್ಟು ಜಿಬಿ ಇರಬೇಕೆಂದು ಹೇಳಿದವರು ಯಾವ ಬೆಳೆಯವರು ಹೇಗೆ ತರಬೇಕೆಂದು ಹೇಳಲಿಲ್ಲ. 2020ರಲ್ಲಿ ಸರ್ಕಾರಿ ಕಾಲೇಜಿನ ಮಕ್ಕಳಿಗೆ ಸರ್ಕಾರವೇ ಲ್ಯಾಪ್‌ಟಾಪ್ ಹಂಚಿತ್ತು, 2021ರಲ್ಲಿ ಟ್ಯಾಬ್ಲೆಟ್. ಮಗಳ ಸರದಿಗೆ ನಾವೇ ತರಬೇಕಾಯಿತು. ಮಗಳ ಕೋಣೆಯ ನ್ಯಾಮತಿಯ ಹುಡುಗಿ ಒಡೆದ ಗಾಜಿನ ಮೊಬೈಲಿನಲ್ಲೇ ಅಸೈನ್‌ಮೆಂಟ್ ಒತ್ತುತ್ತಿದ್ದಳಂತೆ. ಹೊನ್ನಾಳಿಯವಳು ನಮ್ಮದಕ್ಕೇ ಪಾಳಿ ಹಚ್ಚುತ್ತಿದ್ದಳಂತೆ. ಮರುವರ್ಷ ರಾಜ್ಯ ಎನ್‌ಇಪಿ ಪದವಿಯನ್ನೇ ಕೈಬಿಟ್ಟಿತು. ಕಂತು ನನ್ನನ್ನು ಕೈಬಿಡಲಿಲ್ಲ.

ಇಬ್ಬರು ಹುಡುಗಿಯರು ಹಗಲು ರಾತ್ರಿ ಬಳಸಿದರೆ ಏನಾದೀತು? ಮಗಳು ಫೋನ್ ಮಾಡಿದಳು: “ಅಪ್ಪಾಜಿ, ಚಾರ್ಜರ್ ಸುಟ್ಟೋಗೈತಿ.”

“ಎಷ್ಟಾಗುತ್ತವ್ವ?”

“ಒಂದು ಕ್ವಿಂಟಲ್.”