ಸೀಟಿಲ್ಲದ ಸವಾರಿ

ತೊಕ್ಕೊಟ್ಟಿನ ಚಾದಂಗಡಿಯಲ್ಲಿ ಹುಡುಗರೆಲ್ಲ ಒಂದೇ ಮೊಬೈಲಿಗೆ ಮುಗಿಬಿದ್ದಿದ್ದರು. ಟ್ರಯಲ್ಸ್ ಸೈಕಲ್ಲಿನ ಹೊಸ ಫ್ರೇಮ್ ಬಂದಿದೆಯಂತೆ.

"ಪೆಡಲಿನ ಜಾಗ ತುಂಬ ಎತ್ತರವಾಯಿತು," ಎಂದನೊಬ್ಬ. "ಬಣ್ಣ ಸಾಲದು," ಎಂದನಿನ್ನೊಬ್ಬ. ಇಬ್ಬರ ಸೈಕಲ್ಲೂ ಪಂಕ್ಚರಾಗಿ ಮನೆಯಲ್ಲಿ ಉಂಟು.

ನಾನೂ ಇಣುಕಿದೆ. "ಸೀಟೆಲ್ಲಿ ಮಾರಾಯ?"

"ಇದಕ್ಕೆ ಸೀಟೇ ಇಲ್ಲ ಅಂಕಲ್. ಚಕ್ರ 20 ಇಂಚು, ಇಲ್ಲವೇ 26. ನಿಂತುಕೊಂಡೇ ಬಂಡೆಯಿಂದ ಬಂಡೆಗೆ ಹಾರುವುದು. ಕಾಲು ನೆಲಕ್ಕೆ ತಾಗಬಾರದು."

"ಸೋಮೇಶ್ವರದ ಬಂಡೆಯಲ್ಲಿ ಹಾರುತ್ತೀಯಾ?"

"ಅಮ್ಮ ಬಿಡುವುದಿಲ್ಲ."

ನನಗೆ ನಗು ಬಂತು. ಸೀಟಿಲ್ಲದೆ, ಕಾಲೂರಲು ನೆಲವಿಲ್ಲದೆ, ಬ್ರೇಕಿಗೊಮ್ಮೆ ಹಾರುತ್ತಾ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ಮುಟ್ಟುವ ಈ ವಿದ್ಯೆಯನ್ನು ಬೆಳಗ್ಗಿನ ಬಸ್ಸಿನಲ್ಲಿ ಮೂವತ್ತು ವರ್ಷದಿಂದ ಮಾಡುತ್ತಿದ್ದೇನೆ. ನನ್ನ ಫ್ರೇಮಿನ ಬಗ್ಗೆ ಮಾತ್ರ ಯಾರೂ ಚರ್ಚಿಸಲಿಲ್ಲ!